ಸೆರಗಿನ ವಿಂಡೋ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬನಹಟ್ಟಿಯ ನಮ್ಮ ಸೀರೆ ವಿನ್ಯಾಸದ ಕೋಣೆಯಲ್ಲಿ ಇದ್ದವರು ನಾನು ಮತ್ತು ನಮಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಟ್ಟ ಜಮಖಂಡಿಯ ಹೆಣ್ಣುಮಗಳು. ಕೀಲಿಮಣೆ ಮುಟ್ಟುವ ಮೊದಲು ಆಕೆ ಬಳೆಗಳನ್ನು ಮೇಲಕ್ಕೇರಿಸುತ್ತಿದ್ದಳು. ಏನು ಹೇಳಿದರೂ "ತಡೀರಿ, ನೋಡೂಣು" ಎನ್ನುತ್ತಿದ್ದಳು.

ಪ್ರೋಗ್ರಾಮಿನಲ್ಲಿ ಒಡಲಿಗೊಂದು ವಿಂಡೋ, ಸೆರಗಿಗೊಂದು. ಒಡಲಿನದನ್ನು ಮುಚ್ಚಿದರೆ ಸೆರಗೂ ಮಾಯವಾಗುತ್ತಿತ್ತು. ಹಾಗೆ ಹಿಂದಿನ ವಾರ ನನ್ನ ಇಡೀ ದಿನದ ಕೆಲಸ ಹೋಗಿತ್ತು.

"ಸೀರಿ ಒಂದ ಐತೆಲ್ರೀ ಕಾಕಾ? ಅದಕ್ಕ ಸೆರಗು ಒಡಲಿಗೆ ಜೋತಬೀಳೂಹಂಗ ಬರದೀನ್ರಿ."

"ಒಂದಲ್ಲವ್ವಾ. ಮಗ್ಗದ ಮ್ಯಾಲ ಉದ್ದಕ ಹಾಸೂ ಎಳಿ ಸೆರಗಿಗೆ ಬ್ಯಾರೆ, ಒಡಲಿಗೆ ಬ್ಯಾರೆ. ಆಮ್ಯಾಲ ಕೂಡಸ್ತೀವಿ."

"ತಡೀರಿ, ನೋಡೂಣು."

ಮಧ್ಯಾಹ್ನದ ಹೊತ್ತಿಗೆ ಎರಡೂ ವಿಂಡೋಗಳನ್ನು ಬೇರ್ಪಡಿಸಿದೆ ಎಂದಳು. ಊಟ ಮುಗಿಸಿ ನಾನು ಹೊಸದರಲ್ಲಿ ಮದುವೆ ಸೀರೆಯ ಸೆರಗು ಬಿಡಿಸಿದೆ. ಐದಕ್ಕೆ ಅದು ನೇಕಾರರ ಕೈ ಸೇರಬೇಕಿತ್ತು. ಮಗ್ಗ ಖಾಲಿ ನಿಂತಿತ್ತು. ಕೊನೆಯ ಗೆರೆ ಎಳೆದದ್ದೇ ತಡ, ಆಕೆ ಕೈಚಾಚಿ ಒಡಲಿನ ವಿಂಡೋ ಮುಚ್ಚಿಬಿಟ್ಟಳು. ಸೆರಗನ್ನು ನಾನಿನ್ನೂ ಸೇವ್ ಮಾಡಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟು ನೋಡಿದರೆ ಸೆರಗು ಪರದೆಯ ಮೇಲೆ ಹಾಗೆಯೇ ಇತ್ತು.

"ಕಾಪಿ ಇಟ್ಟಿದ್ದಿ ಏನವ್ವಾ?"

"ಇಲ್ರಿ. ಇಟ್ಟಿದ್ರ ನೀವು ನಂಬತಿದ್ರೇನ್ರಿ?"

ಅಷ್ಟು ಹೇಳಿ ಚಹಾ ಕೇಳಿದಳು. ನಾನು ಮೊದಲು ಸೆರಗನ್ನು ಸೇವ್ ಮಾಡಿದೆ, ಪೆನ್‌ಡ್ರೈವಿಗೆ ಹಾಕಿಕೊಂಡೆ, ಯಾರ ಕೈಗೂ ಕೊಡದೆ ನಾನೇ ಮಗ್ಗದ ಮನೆಗೆ ನಡೆದು ಮುಟ್ಟಿಸಿದೆ. ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.