ಮೋಟರ್ ಹಾಕುವ ಹೊತ್ತು

ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುವುದೇ ನನ್ನ ಕೆಲಸ. ಈ ವಾರ ಕಾರ್ ರೇಸಿನ ಆಟವೊಂದನ್ನು ಹೊಗಳಿದೆ, ಒಗಟಿನ ಆಟವೊಂದನ್ನು ಬೈದೆ. ಇವತ್ತು ಜಗಳೂರಿನ ದೊಡ್ಡಮ್ಮನ ಮನೆಯಲ್ಲಿ ಕುಳಿತು ಕತ್ತಿಕಾಳಗದ ಹೊಸ ಆಟದ ಬಗ್ಗೆ ಬರೆಯುತ್ತಿದ್ದೆ: 'ಬಿಟ್ಟಲ್ಲಿಂದ ಮುಂದುವರಿಸಲು ಬರುವುದಿಲ್ಲ, ಇದು ದೊಡ್ಡ ದೋಷ.' ಬರೆದ ಮೇಲೆ ನಗು ಬಂತು.

ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಬಂದು ಇದೇ ಕೋಣೆಯಲ್ಲಿ ಟಿವಿಗೆ ಕ್ಯಾಸೆಟ್ ಆಟ ಜೋಡಿಸಿ, ಬೆವರಿಗೆ ಜಾರುವ ರಿಮೋಟ್ ಹಿಡಿದು ಕೂರುತ್ತಿದ್ದೆ. ಆಟದ ಕೊನೆಯ ಕೋಟೆಯ ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತಿದ್ದರು: "ನಳದಾಗೆ ನೀರು ಬಂದೈತೆ, ಮೋಟರ್ ಹಾಕ್ತೀನಿ."

"ಇನ್ನೊಂಚೂರು ಐತೆ ದೊಡ್ಡಮ್ಮ."

"ನೀರು ನಿನ್ನ ಆಟಕ್ಕೆ ಕಾಯ್ತೈತೇನೋ?"

ಮೋಟರ್ ಗುಂಯ್ ಎನ್ನುತ್ತಲೇ ವೋಲ್ಟೇಜ್ ಬಿದ್ದು, ಟಿವಿ ಆರಿ, ಆಟ ಮತ್ತೆ ಮೊದಲಿಗೆ ಬರುತ್ತಿತ್ತು. ಆ ಕೋಟೆಯ ಒಳಗೆ ಏನಿತ್ತೆಂದು ನಾನು ನೋಡಲೇ ಇಲ್ಲ.

ಇಷ್ಟು ನೆನೆದು ತಲೆಯೆತ್ತಿದರೆ, ದೊಡ್ಡಮ್ಮ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ನೀರು ಬಂದು ಹೋತಪ್ಪ. ನಿನ್ನ ಕೆಲಸ ಕೆಡ್ತೈತೆ ಅಂತ ಮೋಟರ್ ಹಾಕ್ಲಿಲ್ಲ."

ಇನ್ನು ನೀರು ಬರುವುದು ಮುಂದಿನ ವಾರ. ನನ್ನ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ ಎಂದು ಅವರಿಗೆ ಈಗ ಹೇಗೆ ಹೇಳಲಿ?