ನೂರು ವ್ಯಾಟಿನ ಸೊಸೆ

ನನ್ನ ಗಂಟಲು ದೊಡ್ಡದು. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುವಾಗ ಅಕ್ಕಪಕ್ಕದ ಎರಡು ಕೋಣೆಗಳ ಮಕ್ಕಳೂ ಪುಕ್ಕಟೆ ಕಲಿಯುತ್ತಿದ್ದರು. ಸಂಜೆ ಬಸ್ಸಿಳಿದು ಬ್ಯಾಡಗಿಯ ಮನೆ ಸೇರಿದ ಮೇಲೂ ಆ ಗಂಟಲು ಇಳಿಯುತ್ತಿರಲಿಲ್ಲ. ಇಳಿಸುವ ಕಾರಣವೂ ಕಾಣಲಿಲ್ಲ, ಮನೆಯಲ್ಲಿ ಅತ್ತೆಗೆ ಕಿವಿ ಮಂದ. ಚಹಾ ಕೊಟ್ಟಾಗಲೆಲ್ಲ ಅವರು ಮೆಲ್ಲಗೆ ಏನೋ ಅನ್ನುತ್ತಿದ್ದರು. ನಾನು 'ಹೂಂನ್ರಿ' ಎಂದು ಒದರಿ ಒಳಗೆ ಹೋಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಸೊಲ್ಲಾಪುರಕ್ಕೆ ಕೊಟ್ಟಿದ್ದ ನಾದಿನಿ ತಿಂಗಳಿಗೊಂದು ಪತ್ರ ಬರೆಯುತ್ತಿದ್ದಳು. ಅತ್ತೆಗೆ ಓದು ಬಾರದು, ಆದ್ದರಿಂದ ನಾನೇ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಅವಳ ಅತ್ತೆ ಅವಳಿಗೆ ಕೊಡುವ ಕಾಟವೆಲ್ಲ ನಮ್ಮ ಓಣಿಗೆ ಬಾಯಿಪಾಠವಾಯಿತು. ಹಬ್ಬಕ್ಕೆ ಬಂದಾಗ ನಳದ ಹತ್ತಿರ ಯಾರೋ ಅವಳನ್ನು ನಿಲ್ಲಿಸಿ, "ನಿಮ್ಮ ಅತ್ತಿ ಈಗರೆ ಸುಮ್ಮನಾಗ್ಯಾಳೇನವಾ?" ಎಂದು ಕೇಳಿದರಂತೆ. ಆಮೇಲೆ ಪತ್ರಗಳು ನಿಂತವು.

ಮರುವರ್ಷ ಅವಳು ಬಸುರಿಯಾದಳು. ಚೊಚ್ಚಲು ಬಾಣಂತನಕ್ಕೆ ತವರಿಗೆ ಬರಬೇಕಾದವಳನ್ನು ಡಾಕ್ಟರು ಪ್ರಯಾಣ ಬೇಡ ಎಂದು ಅಲ್ಲಿಯೇ ಇರಿಸಿದರು. ಏಳನೆಯ ತಿಂಗಳಲ್ಲಿ ಅವಳಿಂದ ಒಂದು ಕ್ಯಾಸೆಟ್ ಬಂತು. ಮೇಲೆ 'ಅವ್ವಗ' ಎಂದಷ್ಟೇ ಬರೆದಿತ್ತು. ನಮ್ಮ ಪುಟ್ಟ ಟೇಪ್ ರೆಕಾರ್ಡರನ್ನು ಅತ್ತೆ ಕಿವಿಗೆ ಆನಿಸಿಕೊಂಡು ಕೂತರು.

"ಗುಸುಗುಸು ಅಂತೈತಿ, ಮಾತ ತಿಳೀವಲ್ದು," ಎಂದು ಕೆಳಗಿಟ್ಟರು.

"ಏನ ಅಂತಾಳ ನಾ ಕೇಳಿ ಹೇಳ್ತೇನ್ರಿ," ಎಂದೆ.

"ನೀ ಹೇಳೂದು ಬ್ಯಾಡ. ಆಕಿ ದನಿ ಕೇಳಿದ್ರನ ಹೆಂಗದಾಳ ಅನ್ನೂದು ಗೊತ್ತಾಗ್ತೈತಿ. ಹೇಳಿ ಕಳಸೂದ್ರಾಗ ಎಲ್ಲಾರೂ ಆರಾಮನ ಇರ್ತಾರ."

ಮಗಳ ಚಿಂತೆಯಲ್ಲಿ ಅತ್ತೆ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ನೋಡಲಾರದೆ ನನ್ನ ತಲೆ ಓಡಿತು. ನಮ್ಮವರದು ಮೆಣಸಿನಕಾಯಿ ಅಂಗಡಿ. ರಾಣೆಬೆನ್ನೂರಿನ ಹಳೆಯ ಟಾಕೀಸೊಂದು ಮುಚ್ಚಿದಾಗ ಅದರ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಅವರು ಹಾಡು ಕೇಳುವ ಆಸೆಗೆ ತಂದು, ಅಂಗಡಿಯ ಗೋದಾಮಿನಲ್ಲಿ ಎರಡು ವರ್ಷದಿಂದ ಇಟ್ಟಿದ್ದರು. ಅವು ಪಡಸಾಲೆಗೆ ಬಂದವು. ಇನ್ನು ಅವನ್ನು ಮಾತಾಡಿಸಲು ಆಂಪ್ಲಿಫೈಯರ್ ಬೇಕು.

"ಸಣ್ಣದೊಂದು ಸಾಕಲ್ಲ?" ಎಂದರು ನಮ್ಮವರು.

"ಪೆಟಗಿ ನೋಡ್ರಿ, ಎಷ್ಟ ದೊಡ್ಡದೈತಿ. ಕೇಳಾವ್ರಿಗೆ ಕಿವಿ ಮಂದ. ನೂರು ವ್ಯಾಟ್ ಬೇಕ," ಎಂದೆ. ವಿಜ್ಞಾನದ ಟೀಚರ ಮಾತಿಗೆ ಎದುರಾಡುವವರು ಯಾರು? ಮದುವೆಗಳಿಗೆ ಮೈಕ್‌ಸೆಟ್ ಕಟ್ಟುವವರಿಂದ ನೂರು ವ್ಯಾಟಿನದೇ ಬಂತು.

ಭಾನುವಾರ ಬೆಳಿಗ್ಗೆ ವೈರು ಜೋಡಿಸಿದೆವು. ಸ್ವಿಚ್ ಹಾಕಿದೊಡನೆ, ಕ್ಯಾಸೆಟ್ ಇನ್ನೂ ಶುರುವಾಗುವ ಮೊದಲೇ, ಪೆಟ್ಟಿಗೆಗಳು ಗುಂಯ್ ಎನ್ನತೊಡಗಿದವು. ಕ್ಯಾಸೆಟ್ ಹಾಕಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ, ಗುಂಯ್ ಬಿಟ್ಟು ಬೇರೇನೂ ಇಲ್ಲ. ಇನ್ನೊಂದು ಕೂದಲೆಳೆ ತಿರುಗಿಸಿದೆ. "ಅವ್ವಾ" ಎಂದು ನಾದಿನಿ ಗರ್ಜಿಸಿದಳು. ಸ್ಪೀಕರಿನ ಕಾಗದದ ಕೋನು ಜಿಗಿಯಿತು, ಎರಡು ವರ್ಷದಿಂದ ಅದರಲ್ಲಿ ಕೂತಿದ್ದ ಮೆಣಸಿನಪುಡಿಯ ಧೂಳೆಲ್ಲ ಒಮ್ಮೆಲೇ ಪಡಸಾಲೆಗೆ ಹಾರಿತು.

ಆಮೇಲಿನದನ್ನು ಏನು ಹೇಳಲಿ. ನಮ್ಮವರು ಒಂದರ ಹಿಂದೊಂದು ಹನ್ನೆರಡು ಸೀನು ಸೀನಿದರು. ನಾನು ಕಣ್ಣುಜ್ಜಿಕೊಂಡು ಇನ್ನಷ್ಟು ಕೆಡಿಸಿಕೊಂಡೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ಅಲ್ಲಿ ನಿಂತು ಕೇಳಿದರು: "ಹುಡುಗಿ ಯಾರ ಕೂಡ ಜಗಳಾಡಾಕತ್ತಾಳ? ಆಕಿ ಅತ್ತಿ ಕೂಡೇನು?" ನಗು ಬಂತು, ಮರುಕ್ಷಣ ನನ್ನ ಮೇಲೇ ಸಿಟ್ಟು ಬಂತು. ಕೇಳದಿದ್ದುದಕ್ಕಿಂತ ತಪ್ಪು ಕೇಳಿದ್ದು ಅವರ ಚಿಂತೆಯನ್ನು ಹೆಚ್ಚಿಸಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ಹಾವೇರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಸ್ಪೀಕರಿನ ಬೆನ್ನ ಮೇಲಿದ್ದ ಅಕ್ಷರ, ಅಂಕಿಗಳನ್ನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಅವರು ಓದಿ, ನೂರು ವ್ಯಾಟಿನ ಕಥೆ ಕೇಳಿ ನಕ್ಕರು.

"ಅಕ್ಕಾರ, ನೀವು ಬ್ಯಾಡಗಿಯವ್ರು. ನಿಮ್ಮ ಮೆಣಸಿನಕಾಯಿಗೆ ಹೆಸರ ಬಂದಿದ್ದು ಖಾರದಿಂದೋ, ಬಣ್ಣದಿಂದೋ?"

"ಬಣ್ಣದಿಂದ್ರಿ."

"ಇವೂ ಹಂಗನ. ಭಾಳ ನಾಜೂಕ ಸ್ಪೀಕರ್. ಒಂದು ವ್ಯಾಟ್ ಕೊಟ್ರ ಮನಿ ತುಂಬ ಮಾತಾಡ್ತಾವ. ಟಾಕೀಸ್ ತುಂಬಸಾಕ ಹತ್ತಿಪ್ಪತ್ತು ಸಾಕಾಗತಿತ್ತು. ನೀವು ನೂರರದ್ದು ಹಚ್ಚಿದ್ರ ಆಂಪ್ಲಿಫೈಯರಿನ ಹೊಟ್ಟಿ ಒಳಗಿನ ಗುಂಯ್ ಅನ್ನೂದೂ ಅವಕ್ಕ ಕೇಳಸ್ತೈತಿ, ಅದನ್ನೂ ಒದರಿ ಹೇಳ್ತಾವ."

"ನಮ್ಮ ಅತ್ತಿಗೆ ಕಿವಿ ಕೇಳೂದಿಲ್ರಿ."

"ಸಪ್ಪಳ ಬ್ಯಾರೆ, ಮಾತು ಬ್ಯಾರೆ. ಕಿವಿ ಮಂದಾದವ್ರಿಗೆ ಸಪ್ಪಳ ಏರಿಸಿದ್ರ ಸಪ್ಪಳ ಅಷ್ಟ ಕೇಳಸ್ತೈತಿ. ಮಾತ ತಿಳಿ ಇರಬೇಕ, ಹತ್ರ ಇರಬೇಕ."

ಹತ್ತು ಪಟ್ಟು ಶಕ್ತಿ ಸುರಿದರೂ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾದಂತೆ ಮಾತ್ರ ಎಂದು ನಾನೇ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಚಾಚಾ ಹಳೆಯ ವಾಲ್ವ್ ರೇಡಿಯೋದ ಸಾಮಾನು ಬಿಚ್ಚಿ, ಒಂದು ಹಲಗೆಯ ಮೇಲೆ ಐದು ವ್ಯಾಟಿನ ಆಂಪ್ಲಿಫೈಯರ್ ಕೂಡಿಸಿ ಕೊಟ್ಟರು. ಅಷ್ಟರಲ್ಲಿ ನಮ್ಮವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಶ್ಶಿನಿಂದ ಸ್ಪೀಕರಿನ ಧೂಳು ತೆಗೆದಿದ್ದರು.

ಮುಂದಿನ ಭಾನುವಾರ ಅತ್ತೆಯನ್ನು ಒಂದು ಪೆಟ್ಟಿಗೆಯ ಹತ್ತಿರ ಮಣೆ ಹಾಕಿ ಕೂರಿಸಿದೆವು. ಹಲಗೆಯ ಮೇಲಿನ ಗಾಜಿನ ವಾಲ್ವ್‌ಗಳು ಕಾದು ಕೆಂಪಗಾದವು. ಗುಂಯ್ ಎನ್ನುವುದು ಇರಲೇ ಇಲ್ಲ. ಈ ಸಲ ಗುಂಡಿ ಅರ್ಧದವರೆಗೂ ಸರಾಗವಾಗಿ ತಿರುಗಿತು. ನಾದಿನಿ ಪಕ್ಕದಲ್ಲೇ ಕೂತು ಹೇಳಿದಂತೆ ಹೇಳತೊಡಗಿದಳು: "ಅವ್ವಾ, ನಾ ಆರಾಮ ಅದೇನಿ. ಕಾಲು ಬಾತಾವ, ಅಷ್ಟ. ಇಲ್ಲಿ ಅತ್ತಿ ಈಗ ನನಗ ನೀರು ಸೈತ ಎತ್ತಗೊಡೂದಿಲ್ಲ." ಅವಳ ಬಳೆಗಳ ಸದ್ದೂ ಕೇಳುತ್ತಿತ್ತು. ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ಮಗಳು ಎದುರಿಗಿದ್ದಂತೆ ಪ್ರತಿ ಮಾತಿಗೂ ಹೂಂಗುಟ್ಟಿದರು.

ಕ್ಯಾಸೆಟ್ ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಖರೇನ ಆರಾಮ ಅದಾಳ," ಎಂದರು. ಆಮೇಲೆ ಕೇಳಿದರು, "ಇದು ಎಷ್ಟರದು?"

"ಐದು ವ್ಯಾಟ್‌ದು ಅತ್ತಿ," ಎಂದು ಒದರಿದೆ.

"ನನಗ ಐದು ಸಾಕಾಗ್ತೈತಿ ನೋಡವಾ. ಮತ್ತ ನೀ ಯಾಕ ನೂರರಾಗ ಮಾತಾಡ್ತಿ? ಬೈದಂಗ ಅಕ್ಕೈತಿ."

ನಮ್ಮವರು ಗೋಡೆಯ ಕಡೆ ತಿರುಗಿ ನಕ್ಕರು. ನಾನು ಅತ್ತೆಯ ಮಣೆಯ ಪಕ್ಕಕ್ಕೆ ಹೋಗಿ ಕೂತು, ಕಿವಿಯ ಹತ್ತಿರ ಬಾಗಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಮೆಲ್ಲಗೆ ಕೇಳಿದೆ: "ಅತ್ತಿ, ಚಹಾ ತರ್ಲೇನ್ರಿ?"

"ತಾ. ಸಕ್ರಿ ಕಡಿಮಿ ಹಾಕು," ಎಂದರು ಅವರು. "ಹನ್ನೊಂದು ವರ್ಷದಿಂದ ಹೇಳಾಕತ್ತೇನಿ, ನಿನಗ ಕೇಳಸವಲ್ದು."