ಗುಡ್ಡದ ಮೇಲಿನ ಚುಕ್ಕಿ

ದಕ್ಷಿಣ ಕೊಡಗಿನ ರಸ್ತೆಗಳೆಲ್ಲ ತನಗೆ ಗೊತ್ತು ಎಂದು ಪುಟ್ಟರಾಜು ನಂಬಿದ್ದ. ನಂಬಲು ಕಾರಣವೂ ಇತ್ತು. ಪೊನ್ನಂಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಹನ್ನೊಂದು ವರ್ಷದಿಂದ ಅವನು ಆಂಬ್ಯುಲೆನ್ಸ್ ಓಡಿಸುತ್ತಿದ್ದ. ಊರು ಕುಶಾಲನಗರದ ಆಚೆ. ತಾತನ ಕಾಲದಲ್ಲಿ ಅರಕಲಗೂಡು ಕಡೆಯಿಂದ ಬಂದು ಜೋಳ, ಶುಂಠಿ ಬೆಳೆದುಕೊಂಡಿದ್ದ ಕುಟುಂಬ. ತಿಂಗಳಿಗೊಮ್ಮೆ ಊರಿಗೆ ಹೋದಾಗ ತಾಯಿ ಲಿಂಗಮ್ಮ, "ಎಷ್ಟ್ ಜನಾನ ಬದುಕಿಸ್ದೆ ಮಗಾ?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ. "ನಾನೆಲ್ಲವ್ವ ಬದುಕಿಸೋದು, ನಂದು ಬರೀ ಸ್ಟೇರಿಂಗು."

ಆ ವರ್ಷದ ಜನವರಿ. ರೋಬಸ್ಟಾ ಕಾಫಿ ಕೊಯ್ಯುವ ಪಿಕ್ಕಿಂಗ್ ಜೋರಾಗಿತ್ತು. ಬೆಳಿಗ್ಗೆ ಹನ್ನೊಂದೂವರೆಗೆ ಕಂಟ್ರೋಲ್ ರೂಮಿನಿಂದ ಕರೆ ಬಂತು. ಗಾಡಿಯಲ್ಲಿ ಅವನ ಜೊತೆ ಇರುತ್ತಿದ್ದ ನರ್ಸ್ ದೀಕ್ಷಿತಾ ವಿವರ ಕೇಳಿಸಿಕೊಂಡು ಬಾಗಿಲು ಎಳೆದುಕೊಂಡಳು.

"ಅಣ್ಣ, ಬಿಟ್ಟಂಗಾಲದ ಒಳಗೆ, ಎಸ್ಟೇಟ್ ಲೈನು, ಕೂಲಿಯವರ ಮನೆಸಾಲು. ಹೆರಿಗೆ ಆಗಿದೆಯಂತೆ. ಮಗು ಸರಿ ಇದೆ, ತಾಯಿಗೆ ರಕ್ತ ನಿಲ್ತಿಲ್ಲ. ಬೇಗ."

ಕರೆ ಮಾಡಿದ ಫೋನ್ ಎಲ್ಲಿದೆ ಎಂಬುದು ಗಾಡಿಯ ಮುಂದಿನ ಪರದೆಯ ಮೇಲೆ ಕೆಂಪು ಚುಕ್ಕಿಯಾಗಿ ಬಂದಿತ್ತು. ಪುಟ್ಟರಾಜು ಆ ಚುಕ್ಕಿಯನ್ನು ಹಿಡಿದೇ ಹೊರಟ. ಬಿಟ್ಟಂಗಾಲ ದಾಟಿ ಟಾರು ಮುಗಿಯಿತು, ಜಲ್ಲಿ ಮುಗಿಯಿತು, ಕಾಫಿ ಗಿಡಗಳ ನಡುವೆ ಜೀಪಿನ ಜಾಡಷ್ಟೇ ಉಳಿಯಿತು. ಇಪ್ಪತ್ತಾರು ನಿಮಿಷಕ್ಕೆ ಗಾಡಿ ಒಂದು ಗುಡ್ಡದ ನೆತ್ತಿಗೆ ಬಂದು ನಿಂತಿತು. "ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ" ಎಂದು ಪರದೆಯೊಳಗಿನ ಹೆಣ್ಣುದನಿ ಹೇಳಿತು.

ಅಲ್ಲಿ ಯಾರೂ ಇರಲಿಲ್ಲ. ಒಂದು ಬೋಳು ಬಂಡೆ, ಅದರ ಪಕ್ಕ ಸೇದಿ ಬಿಸಾಕಿದ ಬೀಡಿ ತುಂಡುಗಳು. ಸುತ್ತ ಮೂರೂ ಕಡೆ ಇಳಿಜಾರು, ಕಾಫಿ, ಸಿಲ್ವರ್ ಮರ. ದೀಕ್ಷಿತಾ ಕರೆ ಬಂದ ನಂಬರಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದಳು. ಅದೇ. ಪುಟ್ಟರಾಜು ಸೈರನ್ ಹಾಕಿದ, ಬಂಡೆ ಹತ್ತಿ ಕೂಗಿದ. ಕೆಳಗಿನಿಂದ ಯಾರೋ ಓ ಎಂದಂತಾಯಿತು. ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಪರದೆಯ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ಎಷ್ಟು ಹಿಗ್ಗಿಸಿದರೂ ಹಸಿರು. ಒಂದು ಸೂರಿಲ್ಲ, ಒಂದು ದಾರಿಯಿಲ್ಲ.

ಅವನು ಬಲಕ್ಕೆ ಇಳಿದ. ಮುಕ್ಕಾಲು ಮೈಲಿ ಹೋದಮೇಲೆ ಬೀಗ ಹಾಕಿದ ಗೇಟು. ತಿರುಗಿಸಲು ಜಾಗವಿಲ್ಲದೆ ಗಾಡಿಯನ್ನು ಅಷ್ಟು ದೂರವೂ ಹಿಮ್ಮುಖವಾಗಿಯೇ ಏರಿಸಬೇಕಾಯಿತು. ದೀಕ್ಷಿತಾ ಕೆಳಗಿಳಿದು ಹಿಂದೆ ಓಡುತ್ತ ದಾರಿ ಹೇಳುತ್ತಿದ್ದಳು, ಹೇಳುತ್ತಲೇ ಅಳುತ್ತಿದ್ದಳು. ಕೊನೆಗೆ ಎಡದ ಇಳಿಜಾರಿನಲ್ಲಿ ಕಾಫಿ ಕೊಯ್ಯುತ್ತಿದ್ದ ಹೆಂಗಸರು ಸಿಕ್ಕಿದರು.

"ಆ ಲೈನಾ? ಅದು ಹಳ್ಳ ಇದ್ಯಲ್ಲ, ಆ ತೋಡಿನ ಆಚೆ ಸಾರ್" ಎಂದಳು ಒಬ್ಬಳು. "ಇಲ್ಲಿಂದ ಗಾಡಿ ಹೋಗಲ್ಲ. ಮೇನ್ ರೋಡಿಗೆ ವಾಪಸ್ ಹೋಗಿ, ಸುತ್ತಿ ಬರ್ಬೇಕು."

"ಮತ್ತೆ ಫೋನ್ ಇಲ್ಲಿಂದ ಬಂತಲ್ಲಮ್ಮ!"

"ಲೈನಲ್ಲಿ ಸಿಗ್ನಲ್ ಇಲ್ಲ ಸಾರ್. ಫೋನ್ ಮಾಡೋಕೆ ಎಲ್ರೂ ಈ ಗುಡ್ಡಕ್ಕೇ ಬರೋದು."

ಗುಡ್ಡದಿಂದ ಲೈನ್‌ಮನೆ ತಲುಪಲು ಐವತ್ತೆರಡು ನಿಮಿಷ ಬೇಕಾಯಿತು. ಚಾಪೆಯ ಮೇಲೆ ಬಾಣಂತಿ ಮಾರಿ ಮಲಗಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ತುಟಿ ಬಿಳಿಚಿತ್ತು. ಪಕ್ಕದ ಮನೆಯ ಪಾಪ ಎಂಬ ಮುದುಕಿ ಹಳೇ ಸೀರೆಯಲ್ಲಿ ಸುತ್ತಿದ ಮಗುವನ್ನು ಎದೆಗೆ ಅವಚಿಕೊಂಡು ಕುಳಿತಿದ್ದಳು. ಎಸ್ಟೇಟಿನ ಜೀಪನ್ನು ತೋಟದ ಲೆಕ್ಕ ನೋಡುವ ರೈಟರ್ ಬೆಳಿಗ್ಗೆಯೇ ವಿರಾಜಪೇಟೆಗೆ ತೆಗೆದುಕೊಂಡು ಹೋಗಿದ್ದ. ಮಾರಿಯ ಗಂಡ ಚಿನ್ನ ಸ್ಟ್ರೆಚರಿನ ಒಂದು ತುದಿ ಹಿಡಿದ. ಆಸ್ಪತ್ರೆ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಹಿಂದಿನಿಂದ ದೀಕ್ಷಿತಾ, "ಅಣ್ಣ, ನಿಧಾನ ಹೋಗಿ" ಎಂದಳು. ಹನ್ನೊಂದು ವರ್ಷದಲ್ಲಿ ಆ ಮಾತಿನ ಅರ್ಥ ಪುಟ್ಟರಾಜುವಿಗೆ ಗೊತ್ತಾಗಿತ್ತು. ಆದರೂ ಅವನು ನಿಧಾನಿಸಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಚಿನ್ನ ಅವನ ಹತ್ತಿರ ಬಂದು ನಿಂತ. ಅಳುತ್ತಿರಲಿಲ್ಲ.

"ಸಾರ್, ಫೋನ್ ಮಾಡಿದ್ ಜಾಗದಲ್ಲೇ ನಾನು ನಿಂತಿದ್ರೆ ನೀವು ಬೇಗ ಬರ್ತಿದ್ರಾ? ರಕ್ತ ನೋಡಿ ಹೆದ್ರಿಕೆ ಆಗಿತ್ತು. ಮಾಡ್ಬಿಟ್ಟು ಓಡ್ಹೋದೆ ಅವಳ ಹತ್ರ."

"ನಂಗೊತ್ತಿಲ್ಲ ಕಣಪ್ಪ" ಎಂದ ಪುಟ್ಟರಾಜು. ಅವನಿಗೆ ಗೊತ್ತಿತ್ತು.

ಅಂದಿನಿಂದ ಅವನಿಗೆ ಊಟ ಸೇರದಾಯಿತು. ಎದುರಿಗೆ ಬರುವ ಪ್ರತಿ ಗುಡ್ಡವನ್ನು ನೋಡಿ, ಇದರ ಕೆಳಗೆ ಎಷ್ಟು ಲೈನ್‌ಮನೆಗಳಿವೆಯೋ ಎಂದು ಎಣಿಸತೊಡಗಿದ. ರಜೆಗೆ ಊರಿಗೆ ಹೋದಾಗ ತಾಯಿ ತನ್ನ ಮಾಮೂಲು ಪ್ರಶ್ನೆ ಕೇಳಿದಳು. ಅವನು ತಟ್ಟೆ ಬಿಟ್ಟು ಎದ್ದ.

ಲೈನ್‌ಮನೆಗಳು ನಕ್ಷೆಯಲ್ಲಿ ಇರಬೇಕಿತ್ತು ಎಂಬುದೊಂದೇ ಅವನ ತಲೆಯಲ್ಲಿ ಕೂತಿತು. ಕಚೇರಿಯಿಂದ ಕಚೇರಿಗೆ ಅಲೆದ. ಒಂದು ಕಡೆ ಗುಮಾಸ್ತನೊಬ್ಬ, "ಗ್ರಾಮ ನಕ್ಷೆ ಬೇಕಾದ್ರೆ ಇಲ್ಲಿಗ್ಯಾಕೆ ಬಂದ್ರಿ? ಎಲ್ಲಾ ಆನ್‌ಲೈನಲ್ಲಿ ಹಾಕಿದಾರೆ. ಯಾರ್ ಬೇಕಾದ್ರೂ ಇಳಿಸ್ಕೋಬಹುದು" ಎಂದ. ಇಳಿಸಿಕೊಂಡ. ಫೋನಿನಲ್ಲಿ ಜೇಡರ ಬಲೆಯಂಥ ಗೆರೆಗಳು, ಇರುವೆ ಸಾಲಿನಂಥ ಸರ್ವೆ ನಂಬರುಗಳು. ತಲೆಬುಡ ತಿಳಿಯಲಿಲ್ಲ. ಆಗ ನೆನಪಾದವಳು ಅರಣ್ಯ ಕಾಲೇಜಿನಲ್ಲಿ ನಕ್ಷೆಯ ಪಾಠ ಹೇಳುವ ಮೋಕ್ಷಿತಾ. ಅವಳ ತಂದೆಯನ್ನು ಒಮ್ಮೆ ಮೈಸೂರಿಗೆ ಕರೆದೊಯ್ದಿದ್ದವನು ಅವನೇ.

ಮೋಕ್ಷಿತಾ ಆ ಗ್ರಾಮ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಆಕಾಶದಿಂದ ತೆಗೆದ ಚಿತ್ರದ ಮೇಲೆ ಹೊದಿಸಿದಳು. ಗೆರೆಗಳು ತೋಡುಗಳ ಮೇಲೆ, ಬೇಲಿಗಳ ಮೇಲೆ ಸರಿಯಾಗಿ ಕೂತವು.

"ಸರ್ಕಾರದ ನಕ್ಷೆ ಇಷ್ಟು ತೆರೆದಿಟ್ಟಿರೋದೇ ದೊಡ್ಡದು" ಎಂದಳು. "ಆದ್ರೆ ನೋಡಿ ಅಣ್ಣ, ಇದ್ರಲ್ಲಿ ಜಮೀನಿದೆ, ಜನ ಇಲ್ಲ. ಅದನ್ನ ನೀವೇ ಹೋಗಿ ತರ್ಬೇಕು."

ಯಾರು ಬೇಕಾದರೂ ಸೇರಿಸಬಹುದಾದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ನಕ್ಷೆಯೊಂದನ್ನು ಅವನ ಫೋನಿಗೆ ಹಾಕಿಕೊಟ್ಟು, ಇದ್ದ ಜಾಗವನ್ನು ಗುರುತು ಮಾಡುವುದು ಹೇಗೆಂದು ಕಲಿಸಿದಳು. ವಾರದ ರಜೆಯಲ್ಲಿ ಪುಟ್ಟರಾಜು ಬೈಕು ಹತ್ತಿ ಎಸ್ಟೇಟುಗಳನ್ನು ಸುತ್ತಿದ. ಲೈನ್ ಎಲ್ಲಿದೆ, ಗೇಟಿನ ಕೀಲಿ ಯಾರ ಹತ್ತಿರ, ಗಾಡಿ ಎಲ್ಲಿಯವರೆಗೆ ಬರುತ್ತದೆ, ದಾರಿಯಲ್ಲಿ ಸ್ಟೋರು, ಕಣ ಎಲ್ಲಿ ಸಿಗುತ್ತವೆ, ಫೋನ್ ಮಾಡಲು ಜನ ಯಾವ ಗುಡ್ಡ ಹತ್ತುತ್ತಾರೆ, ಎಲ್ಲ ಕೇಳಿ ಗುರುತು ಹಾಕಿದ. ನಾಯಿಗಳು ಅಟ್ಟಿಸಿಕೊಂಡು ಬಂದವು. ರೈಟರುಗಳು ಕಳ್ಳನೆಂದು ಹಿಡಿದು ನಿಲ್ಲಿಸಿದರು. ಏಪ್ರಿಲ್ ಮುಗಿಯುವಷ್ಟರಲ್ಲಿ ಮೂವತ್ತೆಂಟು ಲೈನ್‌ಮನೆಗಳು ನಕ್ಷೆಗೆ ಬಂದವು. ಮಾರಿಯ ಲೈನಿಗೆ ಮಾತ್ರ ಅವನು ಹೋಗಲಿಲ್ಲ. ಅದನ್ನು ಮೋಕ್ಷಿತಾಳ ಕಂಪ್ಯೂಟರಿನಲ್ಲಿ ನೋಡಿಯೇ ಗುರುತು ಹಾಕಿದ.

ಮೇ ಮೊದಲ ವಾರ ಮೇಲಿನವರಿಂದ ಮೆಮೋ ಬಂತು. ಖಾಸಗಿ ತೋಟಗಳ ಒಳದಾರಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿದ್ದಕ್ಕೆ ಮಾಲೀಕರ ದೂರು ಬಂದಿದೆ. ಒಂದು ವಾರದೊಳಗೆ ಎಲ್ಲವನ್ನೂ ಅಳಿಸಿ ವಿವರಣೆ ಕೊಡಬೇಕು. ದೂರು ಕೊಟ್ಟ ಐದು ಜನರಲ್ಲಿ ಮೊದಲ ಹೆಸರು ನಾಣಯ್ಯ. ಮಾರಿ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಮಾಲೀಕ.

ಪುಟ್ಟರಾಜು ಗಾಡಿಯೊಳಗೆ ಕುಳಿತು ಅಳಿಸತೊಡಗಿದ. ಒಂದು, ಎರಡು, ಮೂರು. ಒಂಬತ್ತನೆಯದಕ್ಕೆ ಬಂದು ನಿಲ್ಲಿಸಿದ. ಫೋನನ್ನು ಜೇಬಿಗೆ ಹಾಕಿಕೊಂಡು, ಬೈಕು ಹತ್ತಿ ನೇರ ಬಿಟ್ಟಂಗಾಲಕ್ಕೆ ಹೋದ.

ಚಿನ್ನ ಲೈನಿನ ಮುಂದೆ ಕತ್ತಿ ಮಸೆಯುತ್ತಿದ್ದ. ಒಳಗೆ ಪಾಪಳ ಮಡಿಲಲ್ಲಿ ಮಗು. ಪುಟ್ಟರಾಜು ನಿಂತಲ್ಲೇ ಹೇಳಿದ.

"ಅವತ್ತು ನೀನು ಕೇಳಿದ್ಯಲ್ಲ, ನಾನು ಸುಳ್ಳು ಹೇಳ್ದೆ. ನೀನು ಗುಡ್ಡದ ಮೇಲೆ ನಿಂತಿದ್ದಿದ್ರೆ ಬೇಗ ಬರ್ತಿದ್ವಿ. ಆದ್ರೆ ನಿನ್ ತಪ್ಪಲ್ಲ ಚಿನ್ನ. ನಾನು ಎಡಕ್ಕೆ ಇಳಿದಿದ್ರೆ ದಾರಿ ಹೇಳೋ ಹೆಂಗಸ್ರು ಮೊದ್ಲೇ ಸಿಗ್ತಿದ್ರು, ಬಲಕ್ಕೆ ಇಳಿದೆ. ಅದೂ ಒಂದು. ದಾರಿ ನಂಗೆ ಗೊತ್ತಿರ್ಲಿಲ್ಲ."

ಚಿನ್ನ ಕತ್ತಿ ಎತ್ತಿಕೊಂಡು ಕಾಫಿಯೊಳಗೆ ನಡೆದುಬಿಟ್ಟ. ಪುಟ್ಟರಾಜು ಬಿಸಿಲಿನಲ್ಲಿ ಕಾದ. ಬಹಳ ಹೊತ್ತಾದ ಮೇಲೆ ಚಿನ್ನ ಹಿಂದಿರುಗಿದ. ಕಣ್ಣು ಕೆಂಪಾಗಿತ್ತು.

"ಏನೋ ನಕ್ಷೆ ಮಾಡ್ತಿದೀರಂತಲ್ಲ. ತೋರ್ಸಿ."

ಪುಟ್ಟರಾಜು ತೋರಿಸಿದ, ಮೆಮೋ ವಿಷಯವನ್ನೂ ಹೇಳಿದ. ಚಿನ್ನನಿಗೆ ಓದು ಬಾರದು. ಆದರೆ ತೋಡಿನ ಗೆರೆಯನ್ನು ನೋಡಿದ್ದೇ ಗುರುತು ಹಿಡಿದ.

"ಎಸ್ಟೇಟ್ ದಾರಿ ಅಂತ ಯಾರು ಹೇಳಿದ್ದು? ಲೈನಿಗೆ ಬರೋ ಇದು ಹಳೇ ಗಾಡಿದಾರಿ. ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋಗೋ ಎತ್ತಿನ ಗಾಡಿ ಇಲ್ಲೇ ಬರ್ತಿತ್ತು ಅಂತ ನಮ್ಮಜ್ಜ ಹೇಳ್ತಿತ್ತು. ಬೇಲಿ ಆಮೇಲೆ ಬಂದಿದ್ದು."

ಇಬ್ಬರೂ ಆ ದಾರಿಯಲ್ಲಿ ನಡೆದರು. ಪುಟ್ಟರಾಜು ಫೋನಿನಲ್ಲಿ ಮೋಕ್ಷಿತಾ ಹೊಂದಿಸಿಕೊಟ್ಟಿದ್ದ ಗ್ರಾಮ ನಕ್ಷೆ ತೆರೆದು ಹಿಡಿದಿದ್ದ. ಅವರಿದ್ದ ಜಾಗವನ್ನು ತೋರಿಸುವ ನೀಲಿ ಚುಕ್ಕಿ, ಸರ್ವೆ ನಂಬರುಗಳ ನಡುವೆ ಜೋಡಿ ಚುಕ್ಕೆಗೆರೆಯ ಮೇಲೆಯೇ ಸರಿಯುತ್ತ ಹೋಯಿತು. ಎಸ್ಟೇಟ್ ಗೇಟಿನ ಕೆಳಗೂ ಆ ಗೆರೆ ಹಾಯ್ದಿತ್ತು. ಸಿಗ್ನಲ್ ಸಿಗುವ ಕಡೆಗೆ ಬಂದು ಮೋಕ್ಷಿತಾಳಿಗೆ ಫೋನ್ ಮಾಡಿದರೆ, "ಅದು ನಕಾಶೆ ಕಂಡ ದಾರಿ ಅಣ್ಣ. ಅಂದ್ರೆ ಸರ್ಕಾರದ ನಕ್ಷೆಯಲ್ಲೇ ಇರೋ ದಾರಿ, ಯಾರ ಸ್ವಂತದ್ದೂ ಅಲ್ಲ" ಎಂದಳು.

ನಾಣಯ್ಯ ಅರವತ್ತು ದಾಟಿದ ಮನುಷ್ಯ. ಮನೆಗೆ ಹೋದ ಪುಟ್ಟರಾಜುವನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಆದರೆ ಮಾತು ಬಿಗಿಯಾಗಿತ್ತು.

"ಹೋದ ವರ್ಷ ನನ್ನ ಸ್ಟೋರಿಂದ ಆರು ಮೂಟೆ ಮೆಣಸು ಹೊತ್ತರು. ವಾಚರನ ಕೈ ಮುರಿದ್ರು. ನೀನು ದಾರಿ, ಗೇಟು, ಕೀಲಿ ಎಲ್ಲಾ ಊರಿಗೇ ತೋರಿಸ್ತೀಯ. ನಾಳೆ ಅವನ ತಲೆ ಒಡೆದ್ರೆ ನೀನು ಬರ್ತೀಯಾ?"

"ಬರ್ತೀನಿ ಸಾರ್. ದಾರಿ ಗೊತ್ತಿದ್ರೆ ತಾನೆ ಬರೋದು" ಎಂದ ಪುಟ್ಟರಾಜು. ಗ್ರಾಮ ನಕ್ಷೆಯನ್ನು ಅವರ ಮುಂದೆ ಹಿಡಿದ. "ಕೇಸು ಹಾಕೋಕೆ ಬಂದಿಲ್ಲ ಸಾರ್. ಕಾಲು ಹಿಡಿಯೋಕೆ ಬಂದಿದೀನಿ."

ನಾಣಯ್ಯ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಈ ದಾರಿ ಗೊತ್ತು" ಎಂದರು ಕೊನೆಗೆ. "ನಮ್ಮಪ್ಪನಿಗೂ ಗೊತ್ತಿತ್ತು." ಆಮೇಲೆ ಎದ್ದು ನಿಂತು, "ಸ್ಟೋರು, ಕಣ, ಕೀಲಿ ವಿಚಾರ ತೆಗೆದುಬಿಡು. ಲೈನು, ದಾರಿ ಇರ್ಲಿ. ಕೀಲಿ ಇನ್ನೊಂದು ಮಾಡ್ಸಿ ಪಾಪಳ ಕೈಲಿ ಕೊಡ್ತೀನಿ. ದೂರು ವಾಪಸ್ ತಗೋತೀನಿ, ನಂದು ಮಾತ್ರ. ಬೇರೆಯವರದ್ದು ನನ್ನ ಕೈಲಿಲ್ಲ" ಎಂದರು.

ಬೇರೆ ನಾಲ್ವರು ಒಪ್ಪಲಿಲ್ಲ. ಅವರ ತೋಟಗಳಲ್ಲಿ ಗಾಡಿದಾರಿಯೂ ಇರಲಿಲ್ಲ, ತೋರಿಸಲು ಸರ್ಕಾರದ ಗೆರೆಯೂ ಇರಲಿಲ್ಲ. ಮೊದಲು ಅಳಿಸಿದ್ದವುಗಳನ್ನೆಲ್ಲ ಮತ್ತೆ ಹಾಕಿ, ಅವರ ಏಳು ಲೈನ್‌ಮನೆಗಳನ್ನು ಮಾತ್ರ ಪುಟ್ಟರಾಜು ತನ್ನ ಕೈಯಾರೆ ಅಳಿಸಿದ. ಮುಂಗಾರಿಗೆ ಮೊದಲೇ ಅವನಿಗೆ ಸೋಮವಾರಪೇಟೆ ಕಡೆಗೆ ವರ್ಗವಾಯಿತು. ಉಳಿದ ಮೂವತ್ತೊಂದು ಗುರುತುಗಳನ್ನು ಅವನ ಜಾಗಕ್ಕೆ ಬಂದ ಡ್ರೈವರಿನ ಫೋನಿಗೆ ಹಾಕಿಕೊಟ್ಟು ಹೋದ. ಆ ಹುಡುಗ ಅದನ್ನು ತೆರೆಯುತ್ತಾನೆಂಬ ಭರವಸೆ ಅವನಿಗಿರಲಿಲ್ಲ.

ಮರುವರ್ಷ ಪಿಕ್ಕಿಂಗ್ ಶುರುವಾದ ಮೇಲೆ ಒಂದು ಮಧ್ಯಾಹ್ನ ದೀಕ್ಷಿತಾ ಫೋನ್ ಮಾಡಿದಳು.

"ಅಣ್ಣ, ಹೋದ ವಾರ ಗುಡ್ಡದ ಮೇಲಿಂದ ಕರೆ ಬಂತು. ಹೊಸ ಡ್ರೈವರ್ ನಿಮ್ಮ ನಕ್ಷೆ ನೋಡ್ದ, ಗುಡ್ಡಕ್ಕೆ ಹೋಗ್ಲೇ ಇಲ್ಲ, ನೇರ ಲೈನಿಗೆ ಹೋದ್ವಿ. ಹಾವು ಕಚ್ಚಿದ್ದ ಹೆಣ್ಣುಮಗು. ಉಳ್ಕೊಂಡ್ಳು."

ಪುಟ್ಟರಾಜು ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವಳಿಗೆ ಇನ್ನೇನೋ ಹೇಳಲಿಕ್ಕಿದೆ ಎಂದು ಅವಳ ಉಸಿರಿನಲ್ಲೇ ಗೊತ್ತಾಯಿತು.

"ಹೇಳು."

"ನಿನ್ನೆ ಇನ್ನೊಂದು ಬಂತು. ಎದೆನೋವು, ನಲವತ್ತು ವರ್ಷದ ಆಳು. ನೀವು ಅಳಿಸಿದ ಲೈನಲ್ಲಿ ಒಂದು. ಮುಕ್ಕಾಲು ಗಂಟೆ ಹುಡುಕಿದ್ವಿ ಅಣ್ಣ. ಸಿಗೋ ಹೊತ್ತಿಗೆ ಉಸಿರು ಹೋಗಿತ್ತು."

ಎಸ್ಟೇಟಿನ ಹೆಸರು ಕೇಳಿಕೊಂಡು ಅವನು ಫೋನಿಟ್ಟ. ನಕ್ಷೆ ತೆರೆದು ನೋಡಿದ. ಗುರುತು ಇದ್ದ ಜಾಗ ಅವನಿಗೆ ಬಾಯಿಪಾಠವಾಗಿತ್ತು. ಅಲ್ಲೀಗ ಹಸಿರಷ್ಟೇ ಇತ್ತು. ಅಳಿಸಿದ ಬೆರಳನ್ನು ನೋಡಿಕೊಳ್ಳುತ್ತ ತುಂಬ ಹೊತ್ತು ಕುಳಿತ. ಆಮೇಲೆ ನಾಣಯ್ಯನವರಿಗೆ ಫೋನ್ ಮಾಡಿ ವಿಷಯ ತಿಳಿಸಿದ.

"ಸಾರ್, ಆ ಎಸ್ಟೇಟಿನವರು ನಿಮಗೆ ಗೊತ್ತಾ?"

"ಗೊತ್ತು. ದೂರದ ಸಂಬಂಧ. ಗಟ್ಟಿ ತಲೆ, ಒಪ್ಪೋ ಜನ ಅಲ್ಲ."

"ನೀವು ಜೊತೆಗೆ ಬಂದ್ರೆ?"

ಆ ಕಡೆ ನಾಣಯ್ಯನವರು ಕ್ಯಾಲೆಂಡರ್ ಮಗುಚಿದ ಸದ್ದು ಕೇಳಿತು.

"ಭಾನುವಾರ ಬಾ" ಎಂದರು. "ಚಿನ್ನನಿಗೂ ಇರೋಕೆ ಹೇಳ್ತೀನಿ."

ಪುಟ್ಟರಾಜುವಿಗೆ ಭಾನುವಾರ ಡ್ಯೂಟಿ ಇತ್ತು. ಬದಲಿ ಡ್ರೈವರನ್ನು ಹುಡುಕಲು ಎದ್ದು ಹೊರಟ.